ಗರ್ಭಸ್ಥ ಶಿಶುವಿನ ಬೆನ್ನು ಹಿಂದಿರುವಾಗ: ಕೊನೆಯ ವಾರಗಳಲ್ಲಿ ತಾಯಿ ತಿಳಿದಿರಬೇಕಾದ ವಿಷಯಗಳು

ಬಸುರಿಗೆ ಎಂಟು ತಿಂಗಳು ತುಂಬಿತೆಂದರೆ ಮನೆಯವರೆಲ್ಲರ ಬಾಯಲ್ಲೂ ಒಂದು ಪ್ರಶ್ನೆ ಕೇಳಿಬರುವುದು ಸಹಜ: "ಮಗುವಿನ ತಲೆ ಕೆಳಗೆ ತಿರುಗಿದೆಯೆ?" ತಲೆ ಕೆಳಗಿದೆಯೆಂದು ಆರೋಗ್ಯ ಸಹಾಯಕಿಯು ಹೇಳಿದೊಡನೆ ಎಲ್ಲರ ಮನಸ್ಸೂ ಹಗುರಾಗುತ್ತದೆ. ಆದರೆ ಕೆಲವು ತಾಯಂದಿರಿಗೆ ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲಾಗುತ್ತದೆ: "ತಲೆ ಕೆಳಗಿದೆ, ಆದರೆ ಮಗುವಿನ ಬೆನ್ನು ನಿಮ್ಮ ಬೆನ್ನಿನ ಕಡೆಗಿದೆ." ಈ ಮಾತಿನ ಅರ್ಥ ತಿಳಿಯದೆ ಅನೇಕರು ಭಯಪಡುತ್ತಾರೆ. ಗರ್ಭಿಣಿಯು ಮಾಡಿದ ಯಾವುದೋ ತಪ್ಪಿನಿಂದ ಹೀಗಾಯಿತೆಂದು ಮನೆಯವರು ದೂರುವುದೂ ಉಂಟು. ಇಂತಹ ಭಯವನ್ನೂ ದೂರನ್ನೂ ನಿವಾರಿಸಿ, ಮಾಡಬೇಕಾದುದೇನು, ಮಾಡಬಾರದುದೇನು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಶಿಶುವಿನ ಭಂಗಿ ಎಂದರೇನು?

ದಿನ ತುಂಬಿದ ಶಿಶುವು ಸಾಮಾನ್ಯವಾಗಿ ತಲೆಯನ್ನು ಕೆಳಗೆ ಮಾಡಿ, ಗಲ್ಲವನ್ನು ಎದೆಗೆ ಒತ್ತಿಕೊಂಡು, ಕೈಕಾಲುಗಳನ್ನು ಮಡಿಸಿಕೊಂಡು ಗರ್ಭಕೋಶದಲ್ಲಿ ಮಲಗಿರುತ್ತದೆ. ಅದರ ಬೆನ್ನು ತಾಯಿಯ ಹೊಟ್ಟೆಯ ಕಡೆಗೂ ಮುಖವು ತಾಯಿಯ ಬೆನ್ನೆಲುಬಿನ ಕಡೆಗೂ ಇದ್ದರೆ ಅದು ಹೆರಿಗೆಗೆ ಅತ್ಯಂತ ಅನುಕೂಲವಾದ ಭಂಗಿ. ಇದಕ್ಕೆ ವಿರುದ್ಧವಾಗಿ, ಶಿಶುವಿನ ಬೆನ್ನೂ ಹೆಡತಲೆಯೂ ತಾಯಿಯ ಬೆನ್ನಿನ ಕಡೆಗಿದ್ದು, ಮುಖವು ಹೊಟ್ಟೆಯ ಕಡೆಗಿದ್ದರೆ ಅದನ್ನು ಹಿಮ್ಮುಖ ಭಂಗಿ ಎಂದು ಇಲ್ಲಿ ಕರೆಯೋಣ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಹಿಮ್ಮುಖ ಭಂಗಿಯು ಕಾಲು ಅಥವಾ ಕುಂಡೆ ಮುಂದಾಗಿರುವ ಸ್ಥಿತಿಯಲ್ಲ. ಮಗು ಅಡ್ಡಲಾಗಿರುವ ಸ್ಥಿತಿಯೂ ಅಲ್ಲ. ಆ ಎರಡು ಸ್ಥಿತಿಗಳಲ್ಲಿ ವೈದ್ಯರ ಸಲಹೆಯಂತೆ ಬೇರೆಯೇ ಏರ್ಪಾಡು ಅಗತ್ಯ. ಹಿಮ್ಮುಖ ಭಂಗಿಯಲ್ಲಿ ತಲೆಯು ಕೆಳಗೇ ಇರುತ್ತದೆ. ಇದು ರೋಗವಲ್ಲ, ಅಂಗವೈಕಲ್ಯದ ಸೂಚನೆಯೂ ಅಲ್ಲ. ಹೆರಿಗೆ ಬೇನೆ ಪ್ರಾರಂಭವಾಗುವ ಹೊತ್ತಿನಲ್ಲಿ ನೂರಕ್ಕೆ ಸುಮಾರು 15ರಿಂದ 30 ಶಿಶುಗಳು ಈ ಭಂಗಿಯಲ್ಲಿರುತ್ತವೆ. ಆದರೆ ಜನಿಸುವ ವೇಳೆಗೆ ಹೀಗೆಯೇ ಉಳಿಯುವವು ನೂರಕ್ಕೆ ಸುಮಾರು 5ರಿಂದ 8 ಮಾತ್ರ. ಅಂದರೆ ಬಹುಪಾಲು ಶಿಶುಗಳು ಬೇನೆಯ ನಡುವೆ ತಾವಾಗಿಯೇ ತಿರುಗಿಕೊಳ್ಳುತ್ತವೆ.

ತಲೆಯು ಹೊರಬರುವ ಬಗೆ

ತಾಯಿಯ ಕಟಿಕುಹರ, ಅಂದರೆ ಸೊಂಟದ ಎಲುಬಿನ ಗೂಡು, ನೇರವಾದ ಕೊಳವೆಯಂತಿಲ್ಲ. ಅದರ ಮೇಲಿನ ಬಾಯಿಯು ಅಡ್ಡಲಾಗಿ ಅಗಲ. ಕೆಳಗಿನ ಬಾಯಿಯು ಹಿಂದುಮುಂದಾಗಿ ಅಗಲ. ಆದುದರಿಂದ ಶಿಶುವಿನ ತಲೆಯು ಅಡ್ಡಲಾಗಿ ಒಳಹೊಕ್ಕು, ಕೆಳಗಿಳಿಯುತ್ತಾ ತಿರುಗಿ, ಹೊರಬರಬೇಕಾಗುತ್ತದೆ. ಬೀಗದಲ್ಲಿ ಬೀಗದ ಕೈ ತಿರುಗುವಂತೆಯೇ ಇದು.

ಗಲ್ಲವು ಎದೆಗೆ ಚೆನ್ನಾಗಿ ಒತ್ತಿಕೊಂಡಿದ್ದರೆ ತಲೆಯ ಅತಿ ಚಿಕ್ಕ ಅಳತೆ, ಎಂದರೆ ಸುಮಾರು 9.5 ಸೆಂಟಿಮೀಟರ್, ಮುಂದಾಗಿ ಬರುತ್ತದೆ. ಹಿಮ್ಮುಖ ಭಂಗಿಯಲ್ಲಿ ಶಿಶುವಿನ ಬೆನ್ನು ತಾಯಿಯ ಬೆನ್ನೆಲುಬಿಗೆ ಎದುರಾಗಿ ನಿಲ್ಲುವುದರಿಂದ ಗಲ್ಲವನ್ನು ಎದೆಗೆ ಸೇರಿಸಿಕೊಳ್ಳಲು ಅದಕ್ಕೆ ಸುಲಭವಾಗುವುದಿಲ್ಲ. ತಲೆಯು ತುಸು ಎತ್ತಿದಂತಿದ್ದು, ಸುಮಾರು 11.5 ಸೆಂಟಿಮೀಟರಿನ ಅಳತೆ ಮುಂದಾಗಬಹುದು. ಇದಲ್ಲದೆ, ಅನುಕೂಲ ಭಂಗಿಯಲ್ಲಿರುವ ತಲೆಯು ಸಾಮಾನ್ಯವಾಗಿ ವೃತ್ತದ ಎಂಟನೆಯ ಒಂದು ಭಾಗದಷ್ಟು ತಿರುಗಿದರೆ ಸಾಕು. ಹಿಮ್ಮುಖ ಭಂಗಿಯ ತಲೆಯು ಎಂಟರಲ್ಲಿ ಮೂರು ಭಾಗದಷ್ಟು ತಿರುಗಬೇಕು. ದಾರಿ ದೂರವಾದುದರಿಂದ ಕಾಲವೂ ಹೆಚ್ಚು ಹಿಡಿಯುತ್ತದೆ. ಇಂತಹ ಹೆರಿಗೆಗಳು ನಿಧಾನವಾಗುವುದಕ್ಕೂ, ಬೆನ್ನುನೋವು ಹೆಚ್ಚಾಗುವುದಕ್ಕೂ ಇದೇ ಕಾರಣ.

ಹೀಗಾಗಲು ಕಾರಣವೇನು?

ಮಾಸು ಗರ್ಭಕೋಶದ ಮುಂಗೋಡೆಗೆ ಅಂಟಿಕೊಂಡಿರುವವರಲ್ಲಿ ಈ ಭಂಗಿ ಹೆಚ್ಚಾಗಿ ಕಂಡುಬರುತ್ತದೆ. ಕಟಿಕುಹರದ ಆಕಾರವೂ ಒಂದು ಕಾರಣ. ಎಲ್ಲ ಹೆಂಗಸರಲ್ಲೂ ಅದು ಒಂದೇ ಬಗೆಯಾಗಿರುವುದಿಲ್ಲ. ಚೊಚ್ಚಲ ಬಸುರಿಯರಲ್ಲಿಯೂ ಇದು ತುಸು ಹೆಚ್ಚು. ಅನೇಕ ಸಂದರ್ಭಗಳಲ್ಲಿ ಯಾವ ಕಾರಣವೂ ಗೋಚರಿಸುವುದಿಲ್ಲ.

ಇವುಗಳಲ್ಲಿ ಯಾವುದೂ ತಾಯಿಯ ಕೈಯಲ್ಲಿರುವುದಲ್ಲ. "ಕೂತಲ್ಲೇ ಕೂತಿದ್ದಳು, ಕೆಲಸ ಮಾಡಲಿಲ್ಲ, ಅದಕ್ಕೇ ಮಗು ಹೀಗೆ ನಿಂತಿದೆ" ಎಂದು ಸೊಸೆಯನ್ನು ದೂರುವ ಹಿರಿಯರು ಇದನ್ನು ಗಮನಿಸಬೇಕು. ಹಾಗೆಯೇ "ಭಾರ ಎತ್ತಿದಳು, ಅದಕ್ಕೇ ತಿರುಗಿತು" ಎಂಬ ಮಾತಿಗೂ ಆಧಾರವಿಲ್ಲ. ತಪ್ಪು ಹೊರಿಸುವುದರಿಂದ ಮಗು ತಿರುಗುವುದಿಲ್ಲ. ತಾಯಿಯ ಧೈರ್ಯ ಮಾತ್ರ ಕುಗ್ಗುತ್ತದೆ.

ಗುರುತಿಸುವುದು ಹೇಗೆ?

ಕೆಲವು ಲಕ್ಷಣಗಳನ್ನು ತಾಯಿಯೇ ಗಮನಿಸಬಹುದು. ಹೊಕ್ಕುಳ ಕೆಳಗಿನ ಹೊಟ್ಟೆ ಚಪ್ಪಟೆಯಾಗಿ ಅಥವಾ ತಟ್ಟೆಯಂತೆ ತುಸು ತಗ್ಗಾಗಿ ಕಾಣಬಹುದು. ಮಗುವಿನ ಕೈಕಾಲುಗಳ ಒದೆತ ಹೊಟ್ಟೆಯ ಮುಂಭಾಗದಲ್ಲಿ, ಹೊಕ್ಕುಳ ಸುತ್ತಮುತ್ತ ಹೆಚ್ಚಾಗಿ ತಿಳಿಯಬಹುದು. ಕೆಳಬೆನ್ನಿನಲ್ಲಿ ನೋವು ಇರಬಹುದು. ಆದರೆ ತುಂಬು ಬಸುರಿಯರಲ್ಲಿ ಬೆನ್ನುನೋವು ಸರ್ವಸಾಮಾನ್ಯ. ಅದೊಂದರಿಂದಲೇ ಭಂಗಿಯನ್ನು ನಿರ್ಧರಿಸಲಾಗದು.

ಪರೀಕ್ಷಿಸುವ ದಾದಿಯು ಹೊಟ್ಟೆಯ ಮೇಲೆ ಕೈಯಾಡಿಸಿದಾಗ ಮಗುವಿನ ಬೆನ್ನು ಸುಲಭವಾಗಿ ಸಿಕ್ಕದೆ, ಕೈಕಾಲುಗಳೇ ಮುಂದೆ ತಗಲುತ್ತವೆ. ಮಗುವಿನ ಹೃದಯದ ಸದ್ದು ಹೊಟ್ಟೆಯ ನಡುವೆ ಕೇಳುವ ಬದಲು ಪಕ್ಕೆಯ ಕಡೆಗೆ ಚೆನ್ನಾಗಿ ಕೇಳಿಸುತ್ತದೆ. ಬೇನೆಯ ಸಮಯದಲ್ಲಿ ಒಳಪರೀಕ್ಷೆ ಮಾಡಿದರೆ ಮುಂದಿನ ವಜ್ರಾಕಾರದ ಮೃದು ನೆತ್ತಿಯೂ ಹಿಂದಿನ ತ್ರಿಕೋನಾಕಾರದ ನೆತ್ತಿಯೂ ಎತ್ತ ಇವೆಯೆಂಬುದರಿಂದ ಭಂಗಿ ತಿಳಿಯುತ್ತದೆ. ಸಂದೇಹವಿದ್ದಲ್ಲಿ ಸ್ಕ್ಯಾನಿಂಗ್ ಪರೀಕ್ಷೆಯು ಖಚಿತಪಡಿಸುತ್ತದೆ.

ಕೈಯಿಂದ ಮುಟ್ಟಿ ಭಂಗಿಯನ್ನು ತಿಳಿಯುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅಂತಹ ಅನುಭವಕ್ಕೆ ಗೌರವ ಸಲ್ಲಬೇಕಾದುದೇ. ಆದರೆ ಹೆರಿಗೆ ತಡೆದು ನಿಂತಾಗ ರಕ್ತ, ಶಸ್ತ್ರಚಿಕಿತ್ಸೆ, ಶಿಶುವಿನ ಚಿಕಿತ್ಸೆ ಇವೆಲ್ಲ ಹತ್ತಿರದಲ್ಲಿರುವುದು ಆಸ್ಪತ್ರೆಯಲ್ಲಿ ಮಾತ್ರ ಎಂಬುದನ್ನು ಮರೆಯಲಾಗದು.

ಮಗುವನ್ನು ತಿರುಗಿಸಲು ಸಾಧ್ಯವೆ?

ತಾಯಿಯು ಕುಳಿತುಕೊಳ್ಳುವ, ಬಾಗುವ ರೀತಿಯಿಂದ ಶಿಶುವನ್ನು ಅನುಕೂಲ ಭಂಗಿಗೆ ತರಬಹುದೆಂಬ ವಿಚಾರವನ್ನು ನ್ಯೂಜಿಲೆಂಡ್ ದೇಶದ ಪ್ರಸೂತಿ ದಾದಿ ಜೀನ್ ಸಟನ್ ಅವರು 1990ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಶಿಶುವಿನ ಬೆನ್ನು ಅದರ ದೇಹದ ಭಾರವಾದ ಭಾಗ. ತಾಯಿ ಮುಂದಕ್ಕೆ ಬಾಗಿದರೆ ಆ ಭಾರವು ಹೊಟ್ಟೆಯ ಕಡೆಗೆ ಜಾರುವುದೆಂಬುದು ಇದರ ಹಿಂದಿನ ತರ್ಕ. ಮನೆಯನ್ನು ಮಂಡಿಯೂರಿ ಸಾರಿಸಿದರೆ ಹೆರಿಗೆ ಸಲೀಸಾಗುವುದೆಂದು ನಮ್ಮಲ್ಲಿಯೂ ಹಿರಿಯ ಹೆಂಗಸರು ಹೇಳುತ್ತಾರೆ.

ಈ ತರ್ಕವನ್ನು ಪರೀಕ್ಷೆಗೆ ಒಡ್ಡಲಾಗಿದೆ. ಆಸ್ಟ್ರೇಲಿಯಾದಲ್ಲಿ 2,547 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು 37ನೆಯ ವಾರದಿಂದ ಬೇನೆ ಬರುವವರೆಗೆ ದಿನಕ್ಕೆ ಎರಡು ಬಾರಿ, ಪ್ರತಿ ಬಾರಿಯೂ 10 ನಿಮಿಷ, ಕೈ ಮತ್ತು ಮಂಡಿಗಳನ್ನೂರಿ ಸೊಂಟವನ್ನು ಮೆಲ್ಲಗೆ ತೂಗುವ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿನವರು ನಡಿಗೆಯನ್ನು ಮಾಡಿದರು. ಜನನದ ವೇಳೆಗೆ ಹಿಮ್ಮುಖವಾಗಿಯೇ ಉಳಿದ ಶಿಶುಗಳು ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 8. ವ್ಯಾಯಾಮದಿಂದ ಶಿಶುವು ಆ ಕ್ಷಣಕ್ಕೆ ತಿರುಗಬಹುದಾದರೂ ಅದೇ ಸ್ಥಿತಿಯಲ್ಲಿ ನಿಲ್ಲುವುದೆಂಬ ಭರವಸೆಯಿಲ್ಲ. ಬೇನೆಗೆ ಮೊದಲು ಅನುಕೂಲವಾಗಿದ್ದ ಕೆಲವು ಶಿಶುಗಳು ಬೇನೆಯ ನಡುವೆ ಹಿಮ್ಮುಖವಾಗುವುದೂ ಉಂಟು.

ಇದರಿಂದ ಎರಡು ನೀತಿಗಳನ್ನು ಗ್ರಹಿಸಬೇಕು. ಒಂದು, ವ್ಯಾಯಾಮ ಮಾಡಿಯೂ ಮಗು ತಿರುಗದಿದ್ದರೆ ಅದು ತಾಯಿಯ ಸೋಲಲ್ಲ. ಎರಡು, ಈ ವ್ಯಾಯಾಮ ನಿರರ್ಥಕವೂ ಅಲ್ಲ. ಕೈ ಮತ್ತು ಮಂಡಿಯೂರಿದ ಭಂಗಿಯು ಬೇನೆಯ ಸಮಯದಲ್ಲಿ ಬೆನ್ನುನೋವನ್ನು ಕಡಿಮೆ ಮಾಡುತ್ತದೆಂದು 2005ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ತೋರಿಸಿದೆ. ಕೊನೆಯ ವಾರಗಳಲ್ಲಿ ಅದರಿಂದ ಮೈ ಹಗುರವೆನಿಸಿದರೆ ಮಾಡಬಹುದು, ಹಿತವೆನಿಸದಿದ್ದರೆ ಬಿಡಬಹುದು.

ಕೊನೆಯ ವಾರಗಳಲ್ಲಿ ಮಾಡಬಹುದಾದುದು

1. ಕುಳಿತುಕೊಳ್ಳುವಾಗ ಸೊಂಟಕ್ಕಿಂತ ಮಂಡಿಗಳು ತುಸು ಕೆಳಗಿರಲಿ. ಗೋಡೆಗೆ ಒರಗಿ ಬೆನ್ನು ಬಾಗಿಸಿ ಬಹಳ ಹೊತ್ತು ಕೂರುವ ಬದಲು, ಎತ್ತರದ ಮಣೆ ಅಥವಾ ಕುರ್ಚಿಯ ಮೇಲೆ ಕುಳಿತು, ಆಗಾಗ ಮುಂದಕ್ಕೆ ಬಾಗಿ ಕೈಗಳನ್ನು ಮೇಜಿನ ಮೇಲೆ ಊರಿದರೆ ಬೆನ್ನಿಗೆ ಹಿತವಾಗುತ್ತದೆ.

2. ದಪ್ಪ ಚಾಪೆ ಅಥವಾ ಮಡಿಸಿದ ಕಂಬಳಿಯ ಮೇಲೆ ಕೈ ಮತ್ತು ಮಂಡಿಗಳನ್ನು ಊರಿ, ಬೆನ್ನನ್ನು ನೇರವಾಗಿಟ್ಟುಕೊಂಡು, ಸೊಂಟವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ತೂಗಬಹುದು. 5ರಿಂದ 10 ನಿಮಿಷ ಸಾಕು. ಊಟವಾದ ಕೂಡಲೇ ಮಾಡಬಾರದು. ತಲೆಸುತ್ತು, ನೋವು, ಉಸಿರಾಟದ ತೊಂದರೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

3. ದಿನವೂ ಆಯಾಸವಾಗದಷ್ಟು ನಡೆಯಬೇಕು.

4. 28ನೆಯ ವಾರದ ನಂತರ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಶ್ರೇಯಸ್ಕರ. ಅಂಗಾತ ಮಲಗಿದಾಗ ಗರ್ಭಕೋಶದ ಭಾರವು ದೊಡ್ಡ ರಕ್ತನಾಳಗಳನ್ನು ಒತ್ತಿ, ಮಗುವಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಬಹುದು. ಎಡವಾಗಲಿ ಬಲವಾಗಲಿ, ಯಾವ ಮಗ್ಗುಲಾದರೂ ಆದೀತು. ಮಂಡಿಗಳ ನಡುವೆ ದಿಂಬು ಅಥವಾ ಮಡಿಸಿದ ಸೀರೆಯನ್ನಿಟ್ಟುಕೊಂಡರೆ ಸೊಂಟಕ್ಕೆ ಆರಾಮ. ರಾತ್ರಿ ಎಚ್ಚರವಾದಾಗ ಅಂಗಾತವಿದ್ದರೆ ಗಾಬರಿಪಡದೆ ಮಗ್ಗುಲಾಗಬೇಕು.

ರಕ್ತಸ್ರಾವವಾಗಿರುವವರು, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿರುವವರು, ರಕ್ತದೊತ್ತಡ ಹೆಚ್ಚಿರುವವರು, ದಿನ ತುಂಬುವ ಮೊದಲೇ ಬೇನೆಯ ಸೂಚನೆ ಕಂಡವರು ವೈದ್ಯರ ಅನುಮತಿಯಿಲ್ಲದೆ ಯಾವ ವ್ಯಾಯಾಮವನ್ನೂ ಮಾಡಕೂಡದು.

ಎಂದಿಗೂ ಮಾಡಬಾರದುದು

ಹೊಟ್ಟೆಯನ್ನು ಎಣ್ಣೆ ಹಚ್ಚಿ ಒತ್ತಿ ನೀವಿ ಮಗುವನ್ನು ತಿರುಗಿಸಲು ಯತ್ನಿಸುವುದು ಅಪಾಯಕರ. ಇದರಿಂದ ಮಾಸು ಕಳಚಿ ರಕ್ತಸ್ರಾವವಾಗಬಹುದು. ಬೇನೆಯ ಸಮಯದಲ್ಲಿ ಹೊಟ್ಟೆಯ ಮೇಲ್ಭಾಗವನ್ನು ಒತ್ತುವುದು ಇನ್ನೂ ಅಪಾಯಕರ. ಬೇನೆ ಬೇಗ ಬರಲೆಂದು ಮನೆಯಲ್ಲಿ ಹರಳೆಣ್ಣೆ ಕುಡಿಸಿದರೆ ಭೇದಿಯಾಗಿ ತಾಯಿಯು ನಿತ್ರಾಣಳಾಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಬೇನೆ ಹೆಚ್ಚಿಸುವ ಚುಚ್ಚುಮದ್ದನ್ನು ಮನೆಯಲ್ಲಿ ಹಾಕಿಸಿಕೊಳ್ಳಕೂಡದು. ತಿರುಗದ ತಲೆಯ ಮೇಲೆ ಬಲವಂತದ ಬೇನೆ ಬಿದ್ದರೆ ಗರ್ಭಕೋಶವೇ ಹರಿದು ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರವಾಗಬಹುದು. ಆಸ್ಪತ್ರೆಯಲ್ಲಿ ಇದೇ ಔಷಧವನ್ನು ಹನಿಹನಿಯಾಗಿ ಅಳೆದು, ಮಗುವಿನ ಹೃದಯದ ಬಡಿತವನ್ನು ಗಮನಿಸುತ್ತಾ ಕೊಡುತ್ತಾರೆ, ಎರಡಕ್ಕೂ ಅಜಗಜಾಂತರ.

ಒಂದು ಉದಾಹರಣೆ

ಒಬ್ಬ ಚೊಚ್ಚಲ ಬಸುರಿಯನ್ನು ಊಹಿಸಿಕೊಳ್ಳೋಣ. ಸೀಮಂತವಾದ ಮೇಲೆ ತವರಿಗೆ ಬಂದಿದ್ದಾಳೆ. 39ನೆಯ ವಾರದ ಒಂದು ಸಂಜೆ ಕೆಳಬೆನ್ನಿನಲ್ಲಿ ನೋವು ಪ್ರಾರಂಭವಾಗುತ್ತದೆ. ನೋವು ಬಂದು ಹೋಗುತ್ತಿದೆ. ಆದರೆ ಹೊಟ್ಟೆಯಲ್ಲಿ ಅಷ್ಟಾಗಿ ತಿಳಿಯದು. "ಬೆನ್ನುನೋವು ತಾನೆ, ಇದು ಬೇನೆಯಲ್ಲ, ಬೆಳಗಾಗಲಿ" ಎಂದು ಹಿರಿಯರು ಹೇಳುತ್ತಾರೆ. ನಡುರಾತ್ರಿ ನೀರು ಹೋಗುತ್ತದೆ. ಬೆಳಗಿನ ಜಾವಕ್ಕೆ ಅವಳಿಗೆ ಮುಕ್ಕಬೇಕೆನಿಸುತ್ತದೆ. "ಇನ್ನೇನು ಮಗು ಬಂದೇಬಿಟ್ಟಿತು" ಎಂದು ಎಲ್ಲರೂ ಮುಕ್ಕಿಸುತ್ತಾರೆ. ಮಧ್ಯಾಹ್ನವಾದರೂ ಮಗು ಬರುವುದಿಲ್ಲ. ತಾಯಿ ಬಳಲಿ ಬೆಂಡಾಗುತ್ತಾಳೆ.

ಇಲ್ಲಿ ಎಡವಿದುದೆಲ್ಲಿ? ಹಿಮ್ಮುಖ ಭಂಗಿಯಲ್ಲಿ ಬೇನೆಯು ಬೆನ್ನಿನಲ್ಲಿಯೇ ಕಾಣಿಸಿಕೊಳ್ಳುವುದು ಸಾಮಾನ್ಯ. ನಿಯಮಿತವಾಗಿ ಬಂದು ಹೋಗುವ ಬೆನ್ನುನೋವನ್ನು ಬೇನೆಯೆಂದೇ ತಿಳಿಯಬೇಕಿತ್ತು. ನೀರು ಹೋದೊಡನೆ, ನೋವಿರಲಿ ಇಲ್ಲದಿರಲಿ, ಆಸ್ಪತ್ರೆಗೆ ಹೊರಡಬೇಕಿತ್ತು. ತಲೆಯು ಇನ್ನೂ ಮೇಲಿದ್ದಾಗ ನೀರು ಹೋದರೆ ಹೊಕ್ಕುಳಬಳ್ಳಿ ಜಾರಿ ಬರುವ ಭಯವುಂಟು. ಇನ್ನು ಮುಕ್ಕಬೇಕೆಂಬ ಒತ್ತಡ: ಶಿಶುವಿನ ಹೆಡತಲೆಯು ತಾಯಿಯ ಗುದದ್ವಾರದ ಕಡೆಗೆ ಒತ್ತುವುದರಿಂದ ಗರ್ಭಕೋಶದ ಬಾಯಿ ಪೂರ್ಣ ತೆರೆಯುವ ಮೊದಲೇ ಈ ಒತ್ತಡ ಬರುವುದುಂಟು. ಪರೀಕ್ಷೆಯಿಲ್ಲದೆ ಮುಕ್ಕಿದರೆ ಶಕ್ತಿ ವ್ಯರ್ಥವಾಗುತ್ತದೆ. ಗರ್ಭಕೋಶದ ಬಾಯಿ ಊದಿಕೊಳ್ಳಲೂಬಹುದು. ಇದೇ ತಾಯಿ ರಾತ್ರಿಯೇ ಆಸ್ಪತ್ರೆ ಸೇರಿದ್ದರೆ ಅವಳ ಹೆರಿಗೆ ನಿಧಾನವಾಗಿದ್ದಿರಬಹುದು. ಆದರೆ ಸುರಕ್ಷಿತ ಕೈಗಳಲ್ಲಿ ಆಗುತ್ತಿತ್ತು.

ಬೇನೆಯ ಸಮಯದಲ್ಲಿ

ಅಂಗಾತ ಮಲಗಿಯೇ ಇರಬೇಕಾಗಿಲ್ಲ. ದಾದಿಯ ಅನುಮತಿ ಪಡೆದು ನಡೆಯಬಹುದು, ನಿಂತು ಮುಂದಕ್ಕೆ ಬಾಗಬಹುದು, ಮಗ್ಗುಲಾಗಬಹುದು, ಕೈ ಮತ್ತು ಮಂಡಿಯೂರಬಹುದು. ಜೊತೆಗಿರುವ ತಾಯಿ, ಅತ್ತೆ ಅಥವಾ ಅಕ್ಕ ಬೇನೆ ಬಂದಾಗ ಅಂಗೈಯಿಂದ ಕೆಳಬೆನ್ನನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಬಹಳ ಉಪಶಮನವಾಗುತ್ತದೆ. ಹದವಾದ ಬಿಸಿನೀರಿನ ಶಾಖವೂ ಹಿತ. ಆಗಾಗ ಮೂತ್ರ ವಿಸರ್ಜನೆ ಮಾಡಬೇಕು. ತುಂಬಿದ ಮೂತ್ರಕೋಶ ತಲೆಯ ದಾರಿಗೆ ಅಡ್ಡಿ. ವೈದ್ಯರು ಬೇಡವೆನ್ನದಿದ್ದರೆ ನೀರು, ಗಂಜಿ, ಮಜ್ಜಿಗೆ ಸೇವಿಸಬಹುದು. ಧೈರ್ಯದ ಮಾತನ್ನಾಡುವ ಸಂಗಾತಿ ಪಕ್ಕದಲ್ಲಿದ್ದರೆ ಅದು ದೊಡ್ಡ ಬಲ.

ಬಹುತೇಕ ಶಿಶುಗಳು ತಿರುಗುತ್ತವೆ. ಕೆಲವು ತಿರುಗದೆ ಮುಖ ಮೇಲಾಗಿಯೇ ಸಹಜವಾಗಿ ಜನಿಸುತ್ತವೆ. ಮುಂದುವರಿಯದ ಹೆರಿಗೆಯಲ್ಲಿ ವೈದ್ಯರು ಕೈಯಿಂದ ತಲೆಯನ್ನು ತಿರುಗಿಸಬಹುದು, ಉಪಕರಣದ ನೆರವು ಪಡೆಯಬಹುದು, ಇಲ್ಲವೆ ಶಸ್ತ್ರಚಿಕಿತ್ಸೆ ಮಾಡಬಹುದು. ಹಿಮ್ಮುಖವೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವಲ್ಲ. ಅನಿವಾರ್ಯವಾದಾಗ ಅದಕ್ಕೆ ಹೆದರಿ ತಡಮಾಡುವುದೂ ತರವಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಯಾವುದೇ ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ಬೇನೆ 12 ಗಂಟೆ ಮೀರಿಯೂ ಹೆರಿಗೆಯಾಗದಿರುವುದು. ಈ ಹಿಂದೆ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರು ಬೇನೆಯ ಮೊದಲ ಸೂಚನೆಯಲ್ಲಿಯೇ ಹೊರಡಬೇಕು.

ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ

ಗರ್ಭಿಣಿಯಾಗಿರುವಾಗ ಕನಿಷ್ಠ ನಾಲ್ಕು ಬಾರಿ ತಪಾಸಣೆಯಾಗಬೇಕು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಅಗತ್ಯವಾದರೆ ಶಸ್ತ್ರಚಿಕಿತ್ಸೆ, ಔಷಧ, ಆಹಾರ ಮತ್ತು ವಾಹನ ಸೌಕರ್ಯ ಉಚಿತ. ಹಣದ ಚಿಂತೆಯಿಂದ ಮನೆಯಲ್ಲಿ ಕಾಯಬೇಕಾಗಿಲ್ಲ. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬೇಕು.

ತವರಿಗೆ ಹೋಗುವವರು ತಾಯಿ ಕಾರ್ಡನ್ನೂ ಸ್ಕ್ಯಾನಿಂಗ್ ವರದಿಯನ್ನೂ ಮರೆಯದೆ ಒಯ್ಯಬೇಕು. ಹೋದ ವಾರದಲ್ಲಿಯೇ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಕಂಡು ಹೆಸರು ತಿಳಿಸಬೇಕು. ಯಾವ ಆಸ್ಪತ್ರೆಗೆ ಹೋಗುವುದು, ರಾತ್ರಿಯಾದರೆ ವಾಹನ ಯಾವುದು, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ 36ನೆಯ ವಾರದೊಳಗೆ ಮನೆಯವರು ಉತ್ತರ ಕಂಡುಕೊಂಡಿರತಕ್ಕದ್ದು.

ನೆನಪಿಡಬೇಕಾದ ಅಂಶಗಳು

ಹಿಮ್ಮುಖ ಭಂಗಿಯು ತಾಯಿಯ ತಪ್ಪಿನಿಂದ ಬಂದುದಲ್ಲ. ಹೆಚ್ಚಿನ ಶಿಶುಗಳು ಬೇನೆಯಲ್ಲಿ ತಾವೇ ತಿರುಗುತ್ತವೆ. ಬಾಗುವ ವ್ಯಾಯಾಮವು ಬೆನ್ನಿಗೆ ಹಿತ. ಮಗುವನ್ನು ತಿರುಗಿಸುವ ಖಾತರಿಯಲ್ಲ. ಹೊಟ್ಟೆಯನ್ನು ಒತ್ತುವುದು, ಮನೆಯಲ್ಲಿ ಚುಚ್ಚುಮದ್ದು ಹಾಕಿಸುವುದು ಪ್ರಾಣಾಪಾಯ. ಬಂದು ಹೋಗುವ ಬೆನ್ನುನೋವೂ ಬೇನೆಯೇ ಆಗಿರಬಹುದು.

ಮಗು ಯಾವಾಗ ತಿರುಗಬೇಕೆಂಬುದನ್ನು ನಾವು ನಿರ್ಧರಿಸಲಾರೆವು. ಅದು ತಿರುಗುವವರೆಗೆ, ತಿರುಗದಿದ್ದರೂ ಸಹ, ತಾಯಿಯು ಸರಿಯಾದ ಸ್ಥಳದಲ್ಲಿ ಸರಿಯಾದ ಜನರ ನಡುವೆ ಇರುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟನ್ನು ಪ್ರತಿಯೊಂದು ಮನೆಯೂ ತಪ್ಪದೆ ಮಾಡಲಿ.